ಕೈ ಬಿಟ್ಟರೆ ನಿಲ್ಲುವ ಕಾರು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಮುಂದೆ ಒಂದು ಕಪ್ಪು ಕಾರು ನಿಲ್ಲುತ್ತಿತ್ತು. ಇಷ್ಟು ಹೇಳಿದ ಕೂಡಲೇ, ಮಕ್ಕಳೇ, ನೀವು ನಮ್ಮನ್ನು ಸಾಹುಕಾರರು ಎಂದುಕೊಳ್ಳುತ್ತೀರಿ. ಹಾಗೇನೂ ಇರಲಿಲ್ಲ. ಅದು ಬಾಡಿಗೆ ಕಾರು. ಅಪ್ಪ ಅದನ್ನು ಓಡಿಸಿ ನಮ್ಮನ್ನು ಸಾಕುತ್ತಿದ್ದ. ಹಗಲೆಲ್ಲ ಶಿಕಾರಿಪುರದ ಬಸ್ ನಿಲ್ದಾಣದ ಎದುರು ನಿಂತಿರುತ್ತಿತ್ತು. ಮದುವೆ, ಹೆರಿಗೆ, ಕೋರ್ಟು, ಯಾರು ಯಾವುದಕ್ಕೆ ಕರೆದರೂ ಹೋಗುತ್ತಿತ್ತು. ಕಾರು ಕಪ್ಪು ಎಂದೆನಲ್ಲ, ಅಕ್ಕನನ್ನು ಕೇಳಿದರೆ ಕಡುನೀಲಿ ಎನ್ನುತ್ತಾಳೆ. ನಾವಿಬ್ಬರೂ ಈಗ ಮುದುಕರು, ಫೋನಿನಲ್ಲಿ ಇದೇ ಜಗಳ. ಈ ಕಥೆಯಲ್ಲಿ ಇಂಥವು ಇನ್ನೂ ಬರುತ್ತವೆ. ತೀರ್ಪು ಕೊಡುವ ಶಕ್ತಿ ನನಗಿಲ್ಲ. ನಿಮಗೆ ಬೇಕಾದರೆ ಕಡುನೀಲಿ ಎಂದೇ ಇಟ್ಟುಕೊಳ್ಳಿ.

ದಿನಾ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಸಿ ಕೈಯಲ್ಲೇ ವಿಭೂತಿ ಗಟ್ಟಿ ಹಿಡಿದುಕೊಂಡು ಕಾರಿನ ಹತ್ತಿರ ಬರುತ್ತಿದ್ದ. ಸ್ಟೇರಿಂಗಿನ ಪಕ್ಕ ಕೀಲಿ ಹಾಕುವ ತೂತು ಇತ್ತಲ್ಲ, ಅದರ ಮೇಲೆ ಮೂರು ಬೆರಳಿನಿಂದ ಅಡ್ಡಕ್ಕೆ ಬಳಿಯುತ್ತಿದ್ದ. ನಡುವೆ ಕುಂಕುಮದ ಬೊಟ್ಟು. ಪಕ್ಕದ ಸಂದಿನಲ್ಲಿ ಒಂದು ಊದುಬತ್ತಿ. ಅದರ ಬೂದಿಯೂ ಅಲ್ಲೇ ಉದುರುತ್ತಿತ್ತು. ಆಮೇಲೆ ಆ ಹಸಿ ವಿಭೂತಿಯೊಳಗೇ ಕೀಲಿ ತೂರಿಸಿ ತಿರುಗಿಸುತ್ತಿದ್ದ. "ಗಾಡಿಗೆ ಜೀವ ಬರೋದು ಇಲ್ಲಿಂದ" ಎನ್ನುವುದು ಅವನ ನಂಬಿಕೆ. ಅವ್ವ ಇಡೀ ಕಾರು ಒರೆಸಿದರೂ ಅಷ್ಟು ಜಾಗ ಮುಟ್ಟುತ್ತಿರಲಿಲ್ಲ. ಆ ಕೀಲಿಯನ್ನು ಅಪ್ಪನಲ್ಲದೆ ಬೇರೆ ಯಾರೂ ತಿರುಗಿಸುವ ಹಾಗಿರಲಿಲ್ಲ.

ಒಂದು ಬೇಸಿಗೆಯ ಕೊನೆಯಲ್ಲಿ ಅಕ್ಕನಿಗೆ ಟೀಚರ್ ಕೆಲಸದ ಆದೇಶ ಬಂತು. ಊರು ಸೊರಬದ ಆಚೆಯ ಜಡೆ. ಆದರೆ ಮೊದಲು ಸೊರಬದ ಕಚೇರಿಗೆ ಹೋಗಿ ಹಾಜರಿ ಹಾಕಬೇಕು. ಅದೂ ಇಂಥ ದಿನ ಸಂಜೆ ಕಚೇರಿ ಮುಚ್ಚುವುದರೊಳಗೆ. ತಪ್ಪಿದರೆ ಕೆಲಸ ಪಟ್ಟಿಯಲ್ಲಿ ಹಿಂದಿರುವವರಿಗೆ ಹೋಗುತ್ತದೆ. ನಮ್ಮ ಬಳಗದಲ್ಲಿ ಅಲ್ಲಿಯವರೆಗೆ ಯಾವ ಹೆಣ್ಣುಮಗಳೂ ಸಂಬಳದ ಕೆಲಸಕ್ಕೆ ಹೋಗಿರಲಿಲ್ಲ. ಅಕ್ಕ ಬೆಳಗಿನ ಬಸ್ಸಿಗೆ ಹೋಗುತ್ತೇನೆ ಎಂದಳು. ಅಪ್ಪ ಕೇಳಲಿಲ್ಲ.

"ಊರೋರ ಮಕ್ಳನ್ನೆಲ್ಲ ಕೂರಿಸ್ಕೊಂಡು ಹೋಗ್ತೀನಿ. ನನ್ ಮಗಳು ಬಸ್ಸಿನಾಗೆ ನಿಂತ್ಕೊಂಡು ಹೋಗಬೇಕಾ?"

ಅಪ್ಪನಿಗೆ ಆ ವಾರ ಮದುವೆ ಬಾಡಿಗೆಗಳು ಒಂದರ ಮೇಲೊಂದು. ಕಣ್ಣು ಕೆಂಪಗೆ ಬಾತಿದ್ದವು. ಹಲ್ಲುಜ್ಜುತ್ತ ನಿಂತವನು ಅಲ್ಲೇ ತೂಕಡಿಸಿದ್ದನ್ನು ನಾನು ನೋಡಿದ್ದೆ. ಅದಕ್ಕೇ ಅವ್ವ ನನ್ನನ್ನೂ ಜೊತೆಗೆ ಕಳಿಸಿದಳು. "ಬರೋವಾಗ ನಿಮ್ಮಪ್ಪ ಒಬ್ನೇ ಇರ್ತಾನೆ. ಮುಂದಿನ ಸೀಟಿನಾಗೆ ಕೂತ್ಕೊಂಡು ಏನಾರ ಮಾತಾಡ್ತಾ ಇರು. ನಿದ್ದೆ ಬರಬಾರ್ದು." ನನಗೆ ಸಿಕ್ಕಿದ ಮೊದಲ ಕೆಲಸ ಅದು, ಸುಮ್ಮನೆ ಮಾತಾಡುವುದು.

ಹೊರಡುವಾಗಲೇ ಕಾರು ಸರಿಯಿರಲಿಲ್ಲ. ಕೀಲಿ ತಿರುಗಿಸಿದ ಕೂಡಲೇ ಬುರ್ರೆಂದು ಎದ್ದಿತು. ಅಪ್ಪ ಕೈ ತೆಗೆಯುವಷ್ಟರಲ್ಲಿ ಸತ್ತಿತು. ಮತ್ತೆ ಎದ್ದಿತು, ಮತ್ತೆ ಸತ್ತಿತು. ಅಕ್ಕ ಗಂಜಿ ಹಾಕಿದ ಹೊಸ ಸೀರೆ ಉಟ್ಟು, ಟ್ರಂಕಿನ ಮೇಲೆ ಕೈಯಿಟ್ಟು ಹಿಂದೆ ಕೂತಿದ್ದಳು. ಕೊನೆಗೊಮ್ಮೆ ಏನೋ ಮನಸ್ಸು ಬಂದು ಕಾರು ಓಡತೊಡಗಿತು. ಆದರೆ ಅಷ್ಟು ಹೊತ್ತಿಗೆ ಬೆಳಗಿನ ಬಸ್ಸು ಹೋಗಿಬಿಟ್ಟಿತ್ತು.

ಉಡುತಡಿ ಹತ್ತಿರ ರಸ್ತೆಯಲ್ಲಿ ಒಂದು ಗುಂಡಿ ಬಂತು. ಕಾರು ಎತ್ತಿಹಾಕಿತು. ಅದೇ ಕ್ಷಣ ಇಂಜಿನ್ನಿನ ಸದ್ದು ನಿಂತುಹೋಗಿ, ಟೈರು ಮಣ್ಣಿನ ಮೇಲೆ ಉರುಳುವ ಸರಸರ ಮಾತ್ರ ಉಳಿಯಿತು. ಒಂದು ಜಾಲಿ ಮರದ ಪಕ್ಕ ಹೋಗಿ ನಿಂತಿತು. ಆ ಮರಕ್ಕೆ ತನ್ನ ಬುಡಕ್ಕೆ ಬೀಳುವಷ್ಟೂ ನೆರಳಿರಲಿಲ್ಲ. ಉತ್ತು ಬಿಟ್ಟ ಹೊಲಗಳು, ಕೆಂಪು ಧೂಳು, ಮಳೆಗೆ ಮುಂಚಿನ ಬೇಯಿಸುವ ಬಿಸಿಲು. ಬಾನೆಟ್ ಎತ್ತಿದಾಗ ಬಿಸಿ ಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು.

ಅಪ್ಪನಿಗೆ ಒಂದು ಕ್ರಮವಿತ್ತು. ಕಾರು ಕೆಟ್ಟರೆ ಮೊದಲು ಪೆಟ್ರೋಲು, ಆಮೇಲೆ ಕರೆಂಟು, ಅದೂ ಬಾನೆಟ್ಟಿನ ಕೆಳಗಿನದು ಮಾತ್ರ. ಅಪ್ಪನ ಪ್ರಕಾರ ಕಾರಿನ ರೋಗವೆಲ್ಲ ಬಾನೆಟ್ಟಿನ ಕೆಳಗೇ ಇರುತ್ತಿತ್ತು. ಪೆಟ್ರೋಲಿನ ಪೈಪು ಕಳಚಿ ಬಾಯಿಟ್ಟು ಊದಿದ. ಥೂ ಎಂದು ಉಗಿದ. ಮತ್ತೆ ಹಾಕಿ ಕೀಲಿ ತಿರುಗಿಸಿದ. ಎದ್ದಿತು, ಸತ್ತಿತು.

ಅಷ್ಟರಲ್ಲಿ ಕುರಿಗಳು ಬಂದವು. ಮೊದಲು ವಾಸನೆ, ಆಮೇಲೆ ಧೂಳು, ಆಮೇಲೆ ಕಾರಿನ ಸುತ್ತ ತುಂಬಿಕೊಂಡ ಬೆನ್ನುಗಳು. ಅವುಗಳ ಹಿಂದೆ ಹೆಗಲಿಗೆ ಕಂಬಳಿ ಹಾಕಿಕೊಂಡ ಕುರಿ ಕಾಯುವವನು. ಕೋಲಿನ ಮೇಲೆ ಗದ್ದ ಊರಿ ನಿಂತ.

"ಪೆಟ್ರೋಲ್ ಐತೇನ್ರೀ?"

ಅಪ್ಪ ತಲೆಯೆತ್ತದೆ ಇನ್ನೊಂದು ನಟ್ಟು ತಿರುಗಿಸಿದ.

"ಬ್ಯಾಸರ ಮಾಡ್ಕಬ್ಯಾಡ್ರಿ ಯಜಮಾನ್ರೇ, ಕೇಳಿದೆ. ಹೋದ ವರ್ಷ ಇಲ್ಲೇ ಒಬ್ರು ಜೀಪಿನೋರು ಎಲ್ಲಾ ಬಿಚ್ಚಿ ಹರವಿಕೊಂಡಿದ್ರು, ಸಂತೀ ಹಂಗೆ. ಕೊನೀಗೆ ನೋಡಿದ್ರೆ ಪೆಟ್ರೋಲೇ ಇದ್ದಿಲ್ಲ."

"ಐತಪ್ಪ. ನಂಬಿಕಿ ಇಲ್ದಿದ್ರೆ ಮೂಸಿ ನೋಡು."

ಅವನು ನಿಜವಾಗಿಯೂ ಹೋಗಿ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. "ಹೌದ್ ನೋಡ್ರಿ. ಐತೆ." ಆಮೇಲೆ ಅಕ್ಕನ ಸೀರೆ ನೋಡಿ, "ಮದ್ವೀಗೆ ಹೊಂಟೀರೇನವ್ವ?" ಎಂದ.

"ಕೆಲಸಕ್ಕೆ. ಟೀಚರ್ ಕೆಲಸ. ಸಂಜಿ ಒಳಗೆ ಸೊರಬ ಮುಟ್ಟಬೇಕು."

"ಹಂಗಾರೆ ಅಕ್ಕೋರು!" ಎಂದು, ಟೀಚರಮ್ಮನಿಗೆ ಮಾಡುವ ಹಾಗೆ ಹಣೆಗೆ ಕೈ ಒಯ್ದ. ತಿರುಗಿ ಕುರಿಗಳಿಗೆ ಗದರಿದ. "ಏಯ್, ಸರೀರಲೇ ದಡ್ಡ ಮುಂಡೇವ! ಅಕ್ಕೋರು ಬಂದಾರೆ, ಕಾಣಂಗಿಲ್ಲ?"

ಅಕ್ಕ ಆ ದಿನ ನಕ್ಕಿದ್ದು ಅದೊಂದೇ ಸಲ ಎಂದು ನನ್ನ ನೆನಪು.

ಇನ್ನು ಕರೆಂಟು ನೋಡಬೇಕು. ಕಾರಿನ ಇಂಜಿನ್ನಿನೊಳಗೆ ಪೆಟ್ರೋಲಿನ ಹಬೆಗೆ ಕಿಡಿ ಹೊತ್ತಿಸಬೇಕಲ್ಲ, ಆ ಕಿಡಿಗೆ ಬೇಕಾದ ಕರೆಂಟು ಕಾಯಿಲ್ ಎನ್ನುವ ಒಂದು ಡಬ್ಬಿಯಿಂದ ಬರುತ್ತಿತ್ತು. ಅದರ ತಂತಿಯ ತುದಿಯನ್ನು ಕಬ್ಬಿಣದ ಹತ್ತಿರ ಹಿಡಿದು, ಇನ್ನೊಬ್ಬರು ಕೀಲಿ ತಿರುಗಿಸಿದರೆ ಕಿಡಿ ಹಾರುವುದು ಕಾಣುತ್ತದೆ. ಇನ್ನೊಬ್ಬರು ಬೇಕು. ಅಪ್ಪ ನನ್ನನ್ನು ನೋಡಿದ, ಕುರಿಯವನನ್ನು ನೋಡಿದ, ಕೊನೆಗೆ ಅಕ್ಕನಿಗೆ, "ಕೈ ತೊಳ್ಕೊಂಡು ಬಾ" ಎಂದ. ಅಕ್ಕ ಕುಡಿಯುವ ನೀರಿನಲ್ಲಿ ಕೈ ತೊಳೆದು ಅಪ್ಪನ ಜಾಗದಲ್ಲಿ ಕೂತಳು. ಕೀಲಿ ತಿರುಗಿಸಿ ಹಿಡಿದಳು. ಅಪ್ಪನ ಬೆರಳಿನ ಹತ್ತಿರ ನೀಲಿ ಕಿಡಿ ಚಟ್ ಚಟ್ ಎಂದು ಹಾರಿತು.

"ಕರೆಂಟ್ ಗಟ್ಟಿಮುಟ್ಟಾಗೈತೆ. ಪೆಟ್ರೋಲಿಂದೇ ತೊಂದ್ರೆ."

ಹಾಗಾಗಿ ಮತ್ತೆ ಪೆಟ್ರೋಲಿಗೆ ಹಿಂದಿರುಗಿದ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿದ. ಅದರ ಪುಟ್ಟ ಪುಟ್ಟ ತೂತುಗಳನ್ನು ಒಂದೊಂದಾಗಿ ಊದಿದ, ಜೋಡಿಸಿದ. ಎದ್ದಿತು, ಸತ್ತಿತು. ಇನ್ನೊಮ್ಮೆ ಕಿಡಿ ನೋಡಿದ. ಕಿಡಿ ಚೆನ್ನಾಗಿಯೇ ಇತ್ತು. ಬಿಸಿಲು ನೆತ್ತಿ ದಾಟಿ ಆಚೆ ವಾಲಿತು. ಅವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಯಾರೂ ಬಿಚ್ಚಲಿಲ್ಲ. ಒಂದು ನಟ್ಟು ಜಾರಿ ಮಣ್ಣಿಗೆ ಬಿದ್ದಾಗ, ಅದನ್ನು ಹುಡುಕಲು ಬಗ್ಗಿದವನು ಸ್ವಲ್ಪ ಹೊತ್ತು ಹಾಗೇ ಮಂಡಿಯೂರಿ ಕೂತುಬಿಟ್ಟ. ನಾನು ಅವನು ಹುಡುಕುತ್ತಿದ್ದಾನೆ ಎಂದುಕೊಂಡೆ. ಅವನ ಕಣ್ಣು ಮುಚ್ಚಿದ್ದವು.

ಆಗ ಸೊರಬದ ಬಸ್ಸು ಬಂತು. ಇಲ್ಲಿ ನಮ್ಮ ನೆನಪುಗಳು ಬೇರೆಬೇರೆ ದಾರಿ ಹಿಡಿಯುತ್ತವೆ. ನನ್ನ ನೆನಪಿನಲ್ಲಿ ಬಸ್ಸು ಕಿಕ್ಕಿರಿದಿತ್ತು, ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಅಕ್ಕ ಕೈ ಮಾಡಿದಳು, ಕಂಡಕ್ಟರು "ಜಾಗಿಲ್ಲ, ಜಾಗಿಲ್ಲ" ಎಂದು ಕೈಯಾಡಿಸಿದ, ಬಸ್ಸು ಧೂಳೆಬ್ಬಿಸಿ ಹೋಯಿತು. ಅಕ್ಕ ಹೇಳುವುದೇ ಬೇರೆ. ಬಸ್ಸು ನಿಂತಿತ್ತು. ಕಂಡಕ್ಟರು ಇಳಿದು ಟ್ರಂಕು ಎಲ್ಲಿ ಎಂದೂ ಕೇಳಿದ್ದ. ಅಪ್ಪ ಮಂಡಿಯೂರಿ ಕೂತಿದ್ದನ್ನು ಅವಳು ನೋಡಿದಳು. "ನೀವು ಹೋಗ್ರಿ" ಎಂದು ಕಂಡಕ್ಟರಿಗೆ ಹೇಳಿದಳು. ನಾನು ಆಗ ಎಲ್ಲಿದ್ದೆ ಎಂದು ಕೇಳಿದೆ. "ಕುರಿಮರಿ ಎತ್ಕೊಂಡು ಆಡ್ತಿದ್ದೆ, ನಿನಗೇನು ಗೊತ್ತು" ಎಂದಳು. ಹೇಗೇ ಆದರೂ ಬಸ್ಸು ಹೋಯಿತು, ಅಕ್ಕ ರಸ್ತೆಯಲ್ಲೇ ಉಳಿದಳು. ಅಷ್ಟು ಇಬ್ಬರಿಗೂ ಒಪ್ಪಿಗೆ.

ಬಸ್ಸು ಹೋದ ಮೇಲೆ ಅಪ್ಪ ಎದ್ದು, "ತಿರುಗ್ಸು" ಎಂದ. ಅಕ್ಕ ತಿರುಗಿಸಿದಳು. ಈ ಸಲ ಸಿಟ್ಟಿನಿಂದಲೋ ಸುಸ್ತಿನಿಂದಲೋ ಕೈ ಬಿಡಲೇ ಇಲ್ಲ. ಇಂಜಿನ್ ಎದ್ದು ಓಡುತ್ತಲೇ ಇತ್ತು. ಅದರ ಜೊತೆಗೆ, ಇಂಜಿನ್ನನ್ನು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಕರಕರ ಎಂದು ತನ್ನ ಚಕ್ರದ ಹಲ್ಲು ಕಡಿಯುತ್ತಿತ್ತು.

"ಬಿಡೇ! ಹಲ್ಲು ಮುರೀತದೆ!"

ಬಿಟ್ಟಳು. ಸತ್ತಿತು. ಅಪ್ಪ ಬಾಯಿಗೆ ಬಂದಂತೆ ಬೈದ. ಅವಳು ಮತ್ತೆ ತಿರುಗಿಸಿ ಹಿಡಿದಳು, ಬಿಟ್ಟಳು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಅಪ್ಪಾ, ಹಿಡ್ಕೊಂಡ್ರೆ ಓಡ್ತೈತೆ. ಕೈ ಬಿಟ್ಟ ಕೂಡ್ಲೆ ನಿಲ್ತೈತೆ."

"ಗಾಡಿ ಸ್ಟಾರ್ಟ್ ಮಾಡೋದೇ ಹಂಗಲ್ಲೇನೇ. ಹೊಸದಾಗಿ ಹೇಳ್ತೀಯಾ?"

"ಅದಲ್ಲ. ನೀನು ಕಿಡಿ ನೋಡಿದ್ದು ಯಾವಾಗ? ನಾನು ಹಿಡ್ಕೊಂಡಿದ್ದಾಗ. ಬಿಟ್ಟ ಮ್ಯಾಲೆ ನೋಡೀಯಾ?"

ಅಪ್ಪ ಬಾನೆಟ್ಟಿನ ಹಿಂದಿನಿಂದ ತಲೆ ಹೊರಗೆ ಹಾಕಿದ. ನಿಮಗೆ ಹೀಗೆ ಹೇಳಿದರೆ ತಿಳಿಯಬಹುದು. ಆ ಕಾರಿನ ಕೀಲಿಯ ಹಿಂದೆ ಎರಡು ಹಿತ್ತಾಳೆ ನಾಲಿಗೆಗಳಿದ್ದವು. ಪೂರ್ತಿ ತಿರುಗಿಸಿ ಹಿಡಿದಾಗ ಒಂದು ನಾಲಿಗೆ ಕರೆಂಟು ಕೊಡುತ್ತಿತ್ತು. ಕೈ ಬಿಟ್ಟರೆ ಕೀಲಿ ಸ್ವಲ್ಪ ಹಿಂದೆ ಬಂದು ಇನ್ನೊಂದು ನಾಲಿಗೆ ಆ ಕೆಲಸ ಮುಂದುವರಿಸಬೇಕು. ಎರಡನೆಯದು ಸತ್ತಿದ್ದರೆ ಕಾರು ಎದ್ದೂ ಸಾಯುತ್ತದೆ. ಆದರೆ ಪರೀಕ್ಷೆ ಮಾಡುವುದು ಕೀಲಿ ಹಿಡಿದಾಗಲೇ ಆದ್ದರಿಂದ, ಎಷ್ಟು ಸಲ ಪರೀಕ್ಷೆ ಮಾಡಿದರೂ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಅಪ್ಪ ಕಾಯಿಲಿಗೆ ಒಂದು ಚಿಕ್ಕ ಬಲ್ಬು ತಗುಲಿಸಿ ನೋಡಿದ. ಅಕ್ಕ ಕೀಲಿ ಹಿಡಿದಾಗ ಉರಿಯಿತು, ಬಿಟ್ಟಾಗ ಆರಿತು. ಇನ್ನು ವಾದ ಉಳಿಯಲಿಲ್ಲ. ಆದರೂ ಅಪ್ಪ ಕಾರಿನ ಬಾಗಿಲ ಹತ್ತಿರ ಬಂದು, ಬೆಳಿಗ್ಗೆ ತಾನೇ ಬಳಿದ ವಿಭೂತಿ ನೋಡುತ್ತ ನಿಂತುಬಿಟ್ಟ.

"ಅಲ್ಲೇನೂ ಇರಂಗಿಲ್ಲ" ಎಂದ.

"ಬಿಚ್ಚಿ ನೋಡಪ್ಪ" ಎಂದಳು ಅಕ್ಕ. "ಹೊತ್ತಾಗ್ತಾ ಐತೆ."

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಕೂತ. ಆ ಜಾಗ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ತೂತಿನ ಸುತ್ತಲಿನ ಬಳೆ ತಿರುಗಿಸಿ ಸಡಿಲ ಮಾಡಿ, ಕೀಲಿ ಕೂರುವ ಡಬ್ಬಿಯನ್ನು ತಂತಿಗಳ ಸಮೇತ ಹೊರಗೆಳೆದ. ಅದರ ಹಿಂದಿನಿಂದ ಬೂದು ಬಣ್ಣದ ಹೆಂಟೆಗಳು ಅಪ್ಪನ ಪಂಚೆಯ ಮೇಲೆ ಉದುರಿದವು. ಅಲ್ಲಲ್ಲಿ ಕುಂಕುಮದ ಕೆಂಪು. ವರ್ಷಗಟ್ಟಲೆ ದಿನಾ ಒಂದಿಷ್ಟು ಹಸಿ ವಿಭೂತಿ ಕೀಲಿಯ ಜೊತೆ ಒಳಗೆ ಹೋಗಿ, ಒಣಗಿ, ಸುಣ್ಣದ ಹಾಗೆ ಗಟ್ಟಿಯಾಗಿತ್ತು.

ಕುರಿಯವನು ಬಗ್ಗಿ ನೋಡಿ, "ಅಯ್ಯಯ್ಯ, ಹಣೀಗೆ ಹಚ್ಚಿದ್ದು ಹೊಟ್ಟೀಗೇ ಹೋಗೇತಲ್ರೀ!" ಎಂದ.

ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. "ದಿನಾ ನಾನೇ ತುಂಬೀನಿ" ಎಂದಷ್ಟೇ ಹೇಳಿದ. ಆ ಹೆಂಟೆಗಳನ್ನು ಕೆಳಗೆ ಬೀಳಿಸದೆ ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡ.

ಚಾಕುವಿನಿಂದ ಕೆರೆದು ಸರಿಮಾಡಲು ನೋಡಿದ. ನಾಲಿಗೆಗಳು ಹಸಿರುಗಟ್ಟಿ ಸವೆದಿದ್ದವು. ಸತ್ತಿದ್ದ ನಾಲಿಗೆಯ ಜೊತೆಗೆ ಬದುಕಿದ್ದ ನಾಲಿಗೆಯೂ ಮುರಿದು ಕೈಗೆ ಬಂತು. ಈಗ ಕೀಲಿಗೂ ಕಾರಿಗೂ ಸಂಬಂಧವೇ ಇಲ್ಲದಂತಾಯಿತು. ಅಪ್ಪ ಒಂದು ತಂತಿ ತೆಗೆದು ಬ್ಯಾಟರಿಯಿಂದ ನೇರವಾಗಿ ಕಾಯಿಲಿಗೆ ಕೊಟ್ಟ. ಕಿಡಿಗೆ ಅಷ್ಟು ಸಾಕು. ಆದರೆ ಕೀಲಿಯಿಲ್ಲದೆ ಸ್ಟಾರ್ಟರ್ ತಿರುಗುವುದಿಲ್ಲ, ತಳ್ಳಿಯೇ ಎಬ್ಬಿಸಬೇಕು. ಒಮ್ಮೆ ಎದ್ದರೆ ಆ ತಂತಿ ಕೀಳುವವರೆಗೂ ನಿಲ್ಲುವುದಿಲ್ಲ.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಬಂದಳು. ಕುರಿಯವನು ಕಂಬಳಿ ತೆಗೆದು ಮರಕ್ಕೆ ಹಾಕಿದ. ನಾನೂ ಕೈಯಿಟ್ಟೆ, ತಗಡು ಸುಡುತ್ತಿತ್ತು.

"ಅಕ್ಕೋರೇ, ಸಾಲಿ ಮಕ್ಳು ನೋಡಿದ್ರೆ ಏನಂತಾರ್ರೀ?"

"ಮಾತು ಕಡಿಮಿ ಮಾಡಿ ನೂಕಣ್ಣ!" ಎಂದಳು ಅಕ್ಕ. ಟೀಚರಾಗಿ ಅವಳು ಕೊಟ್ಟ ಮೊದಲ ಅಪ್ಪಣೆ ಅದೇ ಇರಬೇಕು.

ಕಾರು ಕೆಮ್ಮಿತು, ಹೊಗೆ ಉಗುಳಿತು, ಎದ್ದಿತು. ನಾವು ಓಡಿ ಹತ್ತಿದೆವು. ಕುರಿಯವನು ಧೂಳಿನಲ್ಲಿ ಕೋಲು ಎತ್ತಿ ಏನೋ ಕೂಗುತ್ತಿದ್ದ.

ಸೊರಬ ಮುಟ್ಟಿದಾಗ ಕಚೇರಿಯ ಜವಾನ ಒಂದು ಬಾಗಿಲು ಹಾಕಿ, ಇನ್ನೊಂದಕ್ಕೆ ಕೈ ಚಾಚಿದ್ದ. ಅಪ್ಪ ಕಾರನ್ನು ಮೆಟ್ಟಿಲ ತನಕ ತಂದ. ಆದರೆ ಇಂಜಿನ್ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ತಳ್ಳಿಸಬೇಕು. ತಳ್ಳುವವರು ಸಿಗುತ್ತಿರಲಿಲ್ಲ ಎಂದಲ್ಲ; ಮಗಳ ಮೊದಲ ದಿನ, ಅವಳ ಕಚೇರಿಯ ಎದುರು, ನಾಲ್ಕು ಜನರನ್ನು ಕರೆದು ಕಾರು ತಳ್ಳಿಸುವುದು ಅಪ್ಪನಿಗೆ ಬೇಕಿರಲಿಲ್ಲ. ಅಕ್ಕ ಧೂಳಾದ ಸೀರೆ ಕೊಡವಿಕೊಂಡು, ಟ್ರಂಕು ಎಳೆದುಕೊಂಡು ಇಳಿದು ಓಡಿದಳು.

ಆಗ ಅಪ್ಪ ಕಿಟಕಿಯಿಂದ ತಲೆ ಹಾಕಿ ಅವಳಿಗೆ ಏನೋ ಹೇಳಿದ. ಇಂಜಿನ್ ಗಡಗಡ ಎನ್ನುತ್ತಿತ್ತು. ಮೆಟ್ಟಿಲ ಮೇಲೆ ಅಕ್ಕ ತಿರುಗಿ ನಿಂತು ಕಿವಿಗೆ ಕೈ ಹಿಡಿದಳು. ಅಪ್ಪ ಇನ್ನೊಮ್ಮೆ ಹೇಳಿದ. ಅವಳಿಗೆ ಕೇಳಿಸಲಿಲ್ಲ. ಏನಿಲ್ಲ, ಹೋಗು ಹೋಗು ಎಂದು ಅಪ್ಪ ಕೈಯಾಡಿಸಿದ. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಜಗಲಿಯಲ್ಲೇ ನಿಂತು, ಗಾಳಿಯಲ್ಲಿ ಸಹಿ ಹಾಕಿ ತೋರಿಸಿದಳು. ಕೆಲಸ ಸಿಕ್ಕಿತ್ತು. ಜಡೆಯ ಶಾಲೆಯ ಹಿರಿಯ ಟೀಚರೊಬ್ಬರು ಅವಳ ಪಕ್ಕದಲ್ಲಿದ್ದರು. ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುವವರು ಅವರೇ. ಅಪ್ಪ ತಲೆಯಾಡಿಸಿ ಗೇರು ಹಾಕಿದ.

ವಾಪಸ್ಸು ಬರುವಾಗ ನಾನು ಮಾತಾಡುತ್ತಲೇ ಇದ್ದೆ. ಕುರಿ, ಕಂಡಕ್ಟರು, ಜೀಪು, ಬಾಯಿಗೆ ಬಂದದ್ದೆಲ್ಲ. ಅಪ್ಪ ಹ್ಞೂಂ ಎನ್ನುತ್ತಿದ್ದ. ಮರುದಿನದಿಂದ ಅವನು ವಿಭೂತಿಯನ್ನು ಸ್ಟೇರಿಂಗಿನ ನಡುವೆ ಬಳಿಯತೊಡಗಿದ. ಒಂದೆರಡು ವರ್ಷಕ್ಕೆ ಹಾರನ್ ಕೆಟ್ಟಿತು. ಈ ಹಾರನ್ ವಿಷಯ ನಾನೇ ಹುಟ್ಟಿಸಿದ್ದು ಎಂದು ಅಕ್ಕನ ವಾದ. ಇರಬಹುದು.

ಆದರೆ ಸೊರಬದಲ್ಲಿ ಅಪ್ಪ ಏನು ಹೇಳಿದ? ಅಕ್ಕನಿಗೆ ಕೇಳಿಸಲಿಲ್ಲ, ಆಮೇಲೆ ಅವಳು ಕೇಳಲೂ ಇಲ್ಲ. "ಹುಷಾರು ಅಂದಿರ್ತಾನೆ ಬಿಡೋ. ಇನ್ನೇನಂತಾನೆ" ಎನ್ನುತ್ತಾಳೆ. ನಾನು ಅಪ್ಪನ ಪಕ್ಕದಲ್ಲೇ ಕೂತಿದ್ದೆ. ನನಗೆ ಕೇಳಿಸಿರಲೇಬೇಕು. ಈ ಕಥೆಯನ್ನು ನಿಮ್ಮ ಅಪ್ಪನಿಗೆ ಹೇಳುವಾಗ, ನಿಮ್ಮ ಅತ್ತೆಗೆ ಹೇಳುವಾಗ, ಒಂದೊಂದು ಸಲ ಒಂದೊಂದು ಮಾತನ್ನು ನನ್ನ ಅಪ್ಪನ ಬಾಯಿಗೆ ಹಾಕಿದ್ದೇನೆ. ಎಲ್ಲವೂ ಚೆನ್ನಾಗಿದ್ದವು. ಯಾವುದೂ ನನಗೆ ನಂಬಿಕೆಯಾಗಲಿಲ್ಲ. ಈ ಸಲ ಏನೂ ಹಾಕುವುದಿಲ್ಲ. ಇಂಜಿನ್ನಿನ ಸದ್ದು ಮಾತ್ರ ಇರಲಿ.

ನಿಮ್ಮ ಮನೆಯ ಕಾರಿಗೆ ಕೀಲಿ ತಿರುಗಿಸುವುದೇ ಇಲ್ಲ, ಒಂದು ಗುಂಡಿ ಒತ್ತಿದರೆ ಆಯಿತು. ಏನಾದರೂ ಕೆಟ್ಟರೆ ಅದೇ ಒಂದು ದೀಪ ಹತ್ತಿಸಿ ಹೇಳುತ್ತದೆ. ಅದು ಕರೆಂಟಿನಿಂದ ಓಡುವ ಕಾರಂತೆ; ಓಡುತ್ತಿದೆಯೋ ನಿಂತಿದೆಯೋ ಎಂದು ನಾನು ಎರಡೆರಡು ಸಲ ಕೇಳುತ್ತೇನೆ, ನೀವು ನಗುತ್ತೀರಿ. ಮೊನ್ನೆ ನಿಮ್ಮ ಅಪ್ಪ ನಿಮ್ಮನ್ನು ಶಾಲೆಯ ಬಾಗಿಲಲ್ಲಿ ಇಳಿಸುವಾಗ ನಾನು ಹಿಂದಿನ ಸೀಟಿನಲ್ಲಿದ್ದೆ. ಒಂದು ಚೂರೂ ಸದ್ದಿರಲಿಲ್ಲ. ನೀವು ಬ್ಯಾಗು ಎಳೆದುಕೊಂಡು ಹೊರಟಿರಿ. ಅವನು ಕೂತಲ್ಲಿಂದಲೇ, ದನಿ ಏರಿಸದೆ, "ಊಟ ಪೂರ್ತಿ ಮಾಡ್ರೋ" ಎಂದ. ನೀವು ಹ್ಞೂಂ ಎಂದಿರಿ. ತಿರುಗಿ ನೋಡಲಿಲ್ಲ. ತಿರುಗಿ ನೋಡುವ ಅಗತ್ಯವೂ ಇರಲಿಲ್ಲ; ನಿಮಗೆ ಕೇಳಿಸಿತ್ತು.